ನೀರಿನ ಸಂಪಿಗೆ ‘ತಾನೇ ಬಿರುಕು ಮುಚ್ಚುವ’ ಪುಡಿ ಬೇಕಾ?

ಗುತ್ತಲು ಹುಡುಗ, ಮಂಡ್ಯ:
ಮನೆ ಕಟ್ಟಿಸುತ್ತಿದ್ದೇನೆ. ಸಂಪಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ರಾತ್ರಿ ನೀರು ತುಂಬಿಸಿ ಪೆನ್ಸಿಲ್ಲಲ್ಲಿ ಗೀಟು ಹಾಕಿದ್ದೆ, ಬೆಳಿಗ್ಗೆ ಅರ್ಧ ಬೆರಳು ಇಳಿದಿತ್ತು. ತಾರಸಿ ಮೋಲ್ಡ್ ಇನ್ನೂ ಬಾಕಿ. ಅಂಗಡಿಯವರು ಒಂದು ಪುಡಿ ತೋರಿಸಿ, “ಇದನ್ನ ಬೆರೆಸಿ, ಬಿರುಕು ತಾನೇ ಮುಚ್ಚಿಕೊಳ್ಳುತ್ತೆ, ಹಿಮ ಬಿದ್ದರೂ ಜಗ್ಗಲ್ಲ” ಅಂದರು. ಮಂಡ್ಯದಲ್ಲಿ ಹಿಮ ಎಲ್ಲಿ ಬೀಳುತ್ತೆ? ದುಡ್ಡು ದಂಡ ಅಲ್ವಾ?

ಕಬ್ಬಿನ ಗದ್ದೆ:
ಸಂಕ್ರಾಂತಿ ಚಳಿಗೆ ತಾರಸಿಗೂ ಒಂದು ಕಂಬಳಿ ಹೊದಿಸಿಬಿಡಿ ಅಣ್ಣ 😄

ಹಳೇ ಸೈಟ್ ಎಂಜಿನಿಯರ್, ಮೈಸೂರು:
ನಾನು ಲೇಹ್‌ನಲ್ಲಿ ಎರಡು ವರ್ಷ ಕೆಲಸ ಮಾಡಿದವನು. ಚಳಿಗಾಲ ಮುಗಿದಾಗ ಮೋರಿ ಅಂಚಿನ ಕಾಂಕ್ರೀಟು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ನೀರು ಹೆಪ್ಪುಗಟ್ಟಿದರೆ ಸುಮಾರು 9% ಉಬ್ಬುತ್ತೆ, ಕಾಂಕ್ರೀಟಿನೊಳಗೆ ಜಾಗ ಸಿಗದಿದ್ದರೆ ಒಡೆಯುತ್ತೆ. ಅದಕ್ಕೇ ಅಂಥ ಕಡೆ ಬೇಕಂತಲೇ ಸಣ್ಣ ಸಣ್ಣ ಗಾಳಿಗುಳ್ಳೆ ಏಳಿಸುವ ದ್ರಾವಣ ಬೆರೆಸುತ್ತಾರೆ. ಬಿರುಕು ಮುಚ್ಚುವ ಪುಡಿಯಿಂದ ಒಳಗೆ ಇಳಿಯುವ ನೀರು ಕಡಿಮೆಯಾಗಬಹುದು, ಆದರೆ ಗುಳ್ಳೆಯ ಕೆಲಸ ಅದು ಮಾಡಲ್ಲ. ಗುಳ್ಳೆಯೊಳಗೇ ಈ ಪುಡಿಯ ಹರಳು ಬೆಳೆದು ತುಂಬಿಕೊಂಡರೆ ಉಲ್ಟಾ ನಷ್ಟ.

ಪುಡಿ ಸುಳ್ಳೇನಲ್ಲ. ಒದ್ದೆಯಾದಾಗ ಸಿಮೆಂಟಿನ ಜೊತೆ ಸೇರಿ ಹರಳು ಕಟ್ಟುತ್ತೆ. ನೆದರ್ಲ್ಯಾಂಡ್ಸಿನ ಡೆಲ್ಫ್ಟ್‌ನಲ್ಲಿ ಹೆಂಕ್ ಯೊಂಕರ್ಸ್ ಅವರು ಬ್ಯಾಕ್ಟೀರಿಯಾ ಬೆರೆಸಿ, ಬಿರುಕಿನಲ್ಲಿ ಸುಣ್ಣದಕಲ್ಲನ್ನೇ ಬೆಳೆಸಿದರು. ಆದರೆ ಬೆರೆಸುವ ಪುಡಿಯನ್ನ ಕಾಂಕ್ರೀಟು ಕಲಸುವಾಗಲೇ ಹಾಕಬೇಕು. ಹಾಕಿ ಮುಗಿದ ಸಂಪಿಗೆ ಈಗ ಬೆರೆಸೋದು ಎಲ್ಲಿಂದ?

0.1 ಮಿ.ಮೀ. ಬಿರುಕನ್ನು ಮಾಮೂಲಿ ಸಿಮೆಂಟೂ ಮುಚ್ಚಿಕೊಳ್ಳುತ್ತೆ, ನೀರಿನ ತೇವ ಇರಬೇಕಷ್ಟೆ. ಸಂಪು ಖಾಲಿ ಮಾಡಬೇಡಿ, ಮೂರು ವಾರ ತುಂಬಿಸಿಡಿ. ಆಮೇಲೂ ಇಳಿದರೆ ಮಾತಾಡೋಣ. ತಾರಸಿಗೆ ಮಣ್ಣಿನ ಪಾತಿ ಕಟ್ಟಿ ನೀರು ನಿಲ್ಲಿಸಿ. ಮೇಸ್ತ್ರಿ ಗೋಣಿಚೀಲ ಹಾಕಿ ಸುಮ್ನೆ ಚಿಮುಕಿಸಿ ಹೋದರೆ ಬಿಡಬೇಡಿ.

ಗಾರೆಯವರ ಮಗ:
ನಮ್ಮ ಕೆಆರ್‌ಎಸ್ ಕಟ್ಟೆ ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ಸುಣ್ಣದ ಜೊತೆ ಸುಟ್ಟ ಮಣ್ಣಿನ ಪುಡಿ. ಸುಣ್ಣಕ್ಕೆ ಸಣ್ಣ ಬಿರುಕು ತುಂಬುವ ಗುಣ ಇದೆ ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದರು. ಸಾರ್ ಹೇಳಿದ್ದು ಸರಿ, ನೀರು ನಿಲ್ಲಿಸಿ.

ಗುತ್ತಲು ಹುಡುಗ:
ಇವತ್ತಿಗೆ 19 ದಿನ. ನಾಲ್ಕು ದಿನದಿಂದ ನೀರು ಗೀಟು ಬಿಟ್ಟು ಇಳಿದಿಲ್ಲ. ಎರಡು ಕೊಡ ತೆಗೆದು ಬ್ಯಾಟರಿ ಬಿಟ್ಟು ನೋಡಿದೆ. ಬಿರುಕಿನ ಉದ್ದಕ್ಕೂ ಬಿಳಿ ಗೆರೆ. ಉಗುರಲ್ಲಿ ಕೆರೆದರೂ ಉದುರಲಿಲ್ಲ. ಸೋಮವಾರ ಮೋಲ್ಡ್. ಪುಡಿ ತಂದಿಲ್ಲ, ಪಾತಿಗೆ ಒಂದು ಗಾಡಿ ಮಣ್ಣು ಹೇಳಿದ್ದೇನೆ.