ಕಾದಂಬರಿಗೆ ಬೇಕಿತ್ತು: ಮೂಳೆ ಕ್ಯಾನ್ಸರಿನ ಹುಡುಗ, ರಕ್ತ ಕ್ಯಾನ್ಸರಿನ ಹುಡುಗಿ, ಚಿಕಿತ್ಸೆಯ ವಿವರ ಸರಿ ಉಂಟಾ?

ಕಲ್ಸಂಕದ ಓದುಗ
ಹದಿಹರೆಯದ ಇಬ್ಬರ ಪ್ರೇಮದ ಕಾದಂಬರಿ, ಅರ್ಧ ಮುಗಿದಿದೆ. ಹುಡುಗ ಕಾಪುವಿನವ, 17 ವರ್ಷ, ವಾಲಿಬಾಲ್ ಆಟಗಾರ, ಮೊಣಕಾಲಿನ ಮೇಲ್ಗಡೆ ಆಸ್ಟಿಯೋಸಾರ್ಕೋಮಾ. ಹುಡುಗಿ ಮಂಗಳೂರಿನ ಬಿಜೈಯವಳು, 16, ಎ.ಎಲ್.ಎಲ್. ಲುಕೇಮಿಯಾ. ಕರಡಿನಲ್ಲಿ ಇಬ್ಬರದೂ ಅಕ್ಕಪಕ್ಕದ ಬೆಡ್, ಒಂದೇ ದಿನ ಕೀಮೋ, ಮೂರನೇ ದಿನಕ್ಕೆ ಕೂದಲು ಉದುರುತ್ತದೆ, ಅದೇ ವಾರ ಪಣಂಬೂರು ಬೀಚಿಗೆ ಕದ್ದು ಹೋಗುತ್ತಾರೆ. ಕೊನೆಗೆ ಹುಡುಗ ತೀರಿಕೊಳ್ಳುತ್ತಾನೆ. ಎಲ್ಲಿ ಎಡವಿದ್ದೇನೆ ಹೇಳಿ. "ಇಂಥ ವಿಷಯ ಯಾಕೆ ಬರೀತೀರಿ" ಅನ್ನುವ ಸಲಹೆ ಬೇಡ.

ಡೇ ಕೇರ್ ಕುರ್ಚಿ
ಒಂದೇ ದಿನ ಕೀಮೋ ಅನ್ನುವುದೇ ಮೊದಲ ತೊಡಕು. ಎರಡು ಕಾಯಿಲೆಗೂ ಬೇರೆ ಬೇರೆ ಪಂಚಾಂಗ. ಹುಡುಗನಿಗೆ ಸಾಮಾನ್ಯವಾಗಿ ಎಂ.ಎ.ಪಿ. ಕ್ರಮ: ಮೊದಲ ವಾರ ಡಾಕ್ಸೊರುಬಿಸಿನ್ ಮತ್ತು ಸಿಸ್‌ಪ್ಲಾಟಿನ್, 4 ಮತ್ತು 5ನೇ ವಾರ ಮೆಥೊಟ್ರೆಕ್ಸೇಟ್. ಇಂಥ ಎರಡು ಸುತ್ತು ಆಗಿ 11ನೇ ವಾರದ ಹೊತ್ತಿಗೆ ಆಪರೇಷನ್, ಆಮೇಲೆ ಮತ್ತೆ ಕೀಮೋ. ಕಾಗದದ ಮೇಲೆ ಒಟ್ಟು 29 ವಾರ. ರಕ್ತಕಣಗಳ ಲೆಕ್ಕ (ಕೌಂಟ್) ಏರದೆ ಒಂದೊಂದು ವಾರ ಮುಂದೆ ಹೋಗುವುದು ಮಾಮೂಲು. ಹುಡುಗಿಯದು ಎರಡರಿಂದ ಎರಡೂವರೆ ವರ್ಷದ ಚಿಕಿತ್ಸೆ. ಮೊದಲ ತಿಂಗಳುಗಳು ಜೋರು, ಕೊನೆಯ ದೊಡ್ಡ ಭಾಗ ಮನೆಯಲ್ಲೇ ಮಾತ್ರೆ.

ನಾನಾದರೆ ಅವಳನ್ನು ಮಾತ್ರೆಯ ಹಂತದಲ್ಲಿ ಇಡುತ್ತೇನೆ. ಅವಳಿಗೆ ಆಗಲೇ ಕೂದಲು ವಾಪಸ್ ಬಂದಿದೆ, ಅವನು ಹೊಸಬ. ಅವನ ಕೂದಲು ಉದುರುವುದು ಎರಡು ಮೂರು ವಾರಕ್ಕೆ, ಬೆಳಿಗ್ಗೆ ದಿಂಬಿನ ಮೇಲೆ ಗೊತ್ತಾಗುತ್ತದೆ, ಹುಬ್ಬೂ ಹೋಗಬಹುದು. ಈ ಪ್ರಾಯದವರಿಗೆ ಅಕ್ಕಪಕ್ಕದ ಬೆಡ್ ಸಿಗುವುದು ಕಷ್ಟ, ಬಂದು ಅದೇ ದಿನ ಮನೆಗೆ ಹೋಗುವ ಡೇ ಕೇರ್‌ನಲ್ಲಿ ಭೇಟಿ ಮಾಡಿಸಿ. ಅವನು ರಕ್ತಪರೀಕ್ಷೆಗೂ ಪಿಕ್ ಲೈನಿನ (ಮದ್ದು ಹಾಕಲು ತೋಳಿನ ರಕ್ತನಾಳಕ್ಕೆ ಇಟ್ಟ ತೆಳು ನಳಿಕೆ) ವಾರದ ಡ್ರೆಸ್ಸಿಂಗಿಗೂ ಬರುತ್ತಾನೆ.

ಇನ್ನೊಂದು ಉಂಟು, ನಿಮಗೆ ಬೇಕಾದೀತು: ಇಬ್ಬರಿಗೂ ಒಂದೇ ಮದ್ದು. 168 ಸೆಂ.ಮೀ. ಎತ್ತರ, 50 ಕೆ.ಜಿ. ತೂಕದ ಹುಡುಗನ ಮೈಯ ವಿಸ್ತೀರ್ಣ ಸುಮಾರು 1.5 ಚದರ ಮೀಟರ್. ಚದರ ಮೀಟರಿಗೆ 12 ಗ್ರಾಂ ಲೆಕ್ಕದಲ್ಲಿ 18 ಗ್ರಾಂ ಮೆಥೊಟ್ರೆಕ್ಸೇಟ್, ಹಳದಿ ಡ್ರಿಪ್, 4 ಗಂಟೆ. ಅವಳು ಅದನ್ನೇ ವಾರಕ್ಕೊಮ್ಮೆ ಸುಮಾರು 30 ಮಿ.ಗ್ರಾಂ. ನುಂಗುತ್ತಾಳೆ, 2.5ರ ಮಾತ್ರೆ ಹನ್ನೆರಡು. ಅವನ ಡೋಸಿಗೆ ಪ್ರತಿಮದ್ದು ಬೇಕೇ ಬೇಕು: ಡ್ರಿಪ್ ಶುರುವಾದ 24 ಗಂಟೆಗೆ ಲ್ಯೂಕೊವೊರಿನ್. ಪ್ರತಿ ಸಲ ಮೂತ್ರಕ್ಕೆ ಪಟ್ಟಿ ಅದ್ದಿ ಬಣ್ಣ ನೋಡುತ್ತಾರೆ, ಪಿ.ಎಚ್. 7ಕ್ಕಿಂತ ಕೆಳಗಿದ್ದರೆ, ಅಂದರೆ ಆಮ್ಲ ಹೆಚ್ಚಿದ್ದರೆ, ಬೈಕಾರ್ಬೊನೇಟ್ ಹೆಚ್ಚಿಸುತ್ತಾರೆ. ಇಲ್ಲದಿದ್ದರೆ ಮದ್ದು ಮೂತ್ರಪಿಂಡದಲ್ಲೇ ಹರಳುಗಟ್ಟುತ್ತದೆ. ರಕ್ತದಲ್ಲಿ ಮಟ್ಟ ಲೀಟರಿಗೆ 0.1 ಮೈಕ್ರೊಮೋಲ್‌ಗಿಂತ ಇಳಿಯುವವರೆಗೆ ಮನೆಗೆ ಬಿಡುವುದಿಲ್ಲ, ಸುಮಾರು 3–4 ದಿನ. ಕಥೆಗೆ ಎಡವಟ್ಟು ಬೇಕಾದರೆ ಇಲ್ಲೇ ಮಾಡಿ: ಕಾಲುನೋವೆಂದು ಮನೆಯವರು ಕೊಟ್ಟ ಐಬುಪ್ರೊಫೆನ್ ಸಾಕು, ಮಟ್ಟ ಇಳಿಯದೆ ನಿಂತುಬಿಡುತ್ತದೆ. ಆಮೇಲೆ ಬಾಯಿಹುಣ್ಣು ಎಷ್ಟಾಗುತ್ತದೆ ಅಂದರೆ ಗಂಜಿತಿಳಿಯೂ ಇಳಿಯದು.

ಎಲುಬುಗೂಡು
ಮೇಲಿನವರು ಕೀಮೋ ಹೇಳಿದರು, ನಾನು ಕಾಲಿನದ್ದು. ಶುರುವಿನಲ್ಲಿ ಎಲ್ಲರೂ ಉಳುಕು ಅಂತಲೇ ತಿಳಿಯುವುದು, ಆಟಗಾರ ಬೇರೆ. ಎಣ್ಣೆ ತಿಕ್ಕಿಸುವುದರಲ್ಲಿ ವಾರಗಳು ಹೋಗುತ್ತವೆ. ವ್ಯತ್ಯಾಸ ರಾತ್ರಿಯಲ್ಲಿ: ಸುಮ್ಮನೆ ಮಲಗಿದ್ದಾಗಲೂ ನೋವು, ನಿದ್ದೆಯಿಂದ ಎಬ್ಬಿಸುವ ನೋವು. ಬಯಾಪ್ಸಿ ಆಗದೆ ಕೀಮೋ ಶುರುವಾಗುವುದಿಲ್ಲ. ಎದೆಯ ಸಿ.ಟಿ. ಕೂಡ ಆಗಲೇಬೇಕು, ಯಾಕೆಂದರೆ ಈ ಗಡ್ಡೆ ಹರಡಿದರೆ ಮೊದಲು ಶ್ವಾಸಕೋಶಕ್ಕೆ.

ಕಾಲು ಕತ್ತರಿಸುವುದೇ ಈಗಿನ ನಿಯಮ ಅಲ್ಲ. ತೊಡೆಮೂಳೆಯ ಕೆಳಭಾಗ ತೆಗೆದು ಲೋಹದ ಕೀಲು ಹಾಕುವುದು ಹೆಚ್ಚು. ನಿಮ್ಮ ಕಥೆಯ ನಿಜವಾದ ಉಸಿರು ಬಿಗಿಹಿಡಿಯುವ ಜಾಗ ಆಪರೇಷನ್ ಅಲ್ಲ, ಅದರ ನಂತರದ ಪೆಥಾಲಜಿ ವರದಿ. ತೆಗೆದ ಗಡ್ಡೆಯಲ್ಲಿ ಶೇ. 90 ಅಥವಾ ಹೆಚ್ಚು ಸತ್ತಿದ್ದರೆ ಕೀಮೋ ಹಿಡಿದಿದೆ ಎಂದರ್ಥ. ಅಷ್ಟರಲ್ಲಿ ಅವನನ್ನು ಪಟ್ಟನೆ ಸಾಯಿಸಬೇಡಿ ಮಾರಾಯ್ರೇ. ಶ್ವಾಸಕೋಶದಲ್ಲಿ ನಾಲ್ಕು ಗಂಟು ಕಂಡರೂ ಮತ್ತೆ ಆಪರೇಷನ್ ಮಾಡಿ ತೆಗೆಯುತ್ತಾರೆ. ಸಾವು ಬಂದರೂ ತಿಂಗಳುಗಟ್ಟಲೆ ದಾರಿ ಸವೆಸಿ ಬರುತ್ತದೆ.

ಮೊದಲ ಕೀಮೋಗೆ ಮುಂಚೆ ವೀರ್ಯ ಸಂಗ್ರಹಿಸಿಡುವ ಮಾತು ಡಾಕ್ಟರು ಎತ್ತಬೇಕು. 17ರ ಹುಡುಗ, ಪಕ್ಕದಲ್ಲಿ ಅಮ್ಮ. ಆ ದೃಶ್ಯ ಯಾರೂ ಬರೆಯುವುದಿಲ್ಲ.

ನೇತ್ರಾವತಿ ಲೋಕಲ್
ಬೀಚಿನದ್ದು ನನಗೆ ಬಿಡಿ. ಕೀಮೋ ಆಗಿ 7ರಿಂದ 14ನೇ ದಿನ ಬಿಳಿರಕ್ತಕಣ ತಳ ಕಾಣುವ ಸಮಯ, ಸೋಂಕು ಸುಲಭ, ಆಗ ಹೋಗುವುದು ಮೂರ್ಖತನ. ಜ್ವರ 100.4 ಮುಟ್ಟಿದರೆ ನೇರ ಆಸ್ಪತ್ರೆ. "ಒಂದು ಡೋಲೊ ಹಾಕಿ ನೋಡುವ" ಅನ್ನುವುದೇ ಜೀವಕ್ಕೆ ಕುತ್ತು. ಮುಂದಿನ ಸುತ್ತಿನ ಹಿಂದಿನ ಎರಡು ಮೂರು ದಿನ, ಕೌಂಟ್ ಏರಿದಾಗ ಕಳಿಸಿ. ಪಿಕ್ ಲೈನ್ ಇದ್ದರೆ ನೀರಿಗೆ ಇಳಿಯುವ ಹಾಗಿಲ್ಲ, ತೋಳಿಗೆ ಪ್ಲಾಸ್ಟಿಕ್ ಸುತ್ತಿದರೂ ಮರಳು ನುಗ್ಗುತ್ತದೆ. ಗಡ್‌ಬಡ್ ಐಸ್‌ಕ್ರೀಂ ತಿನ್ನಿಸುವ ಆಸೆ ಇದ್ದರೆ ಅದರಲ್ಲಿ ಕತ್ತರಿಸಿಟ್ಟ ಹಣ್ಣು ಉಂಟು, ಬೇಡ. ಸೀಲ್ ಇದ್ದ ವೆನಿಲ್ಲಾ ಕಪ್ ಸಾಕು. ಜೂನ್–ಆಗಸ್ಟ್ ಅಂತೂ ಬೇಡವೇ ಬೇಡ, ಆ ಕಡಲಿಗೆ ಗಟ್ಟಿಮುಟ್ಟಾದವರೇ ಇಳಿಯುವುದಿಲ್ಲ.

ಹುಡುಗಿಯನ್ನು ಬಿಳಚಿ ಬಡಕಲು ಮಾಡಬೇಡಿ. ಸ್ಟೆರಾಯ್ಡ್ ನಡೆಯುವಾಗ ಮುಖ ಊದಿರುತ್ತದೆ, ರಾತ್ರಿ ಎರಡು ಗಂಟೆಗೆ ನೀರ್‌ದೋಸೆ ಬೇಕೆನ್ನುವಷ್ಟು ಹಸಿವು, ಕಾರಣವಿಲ್ಲದ ಸಿಟ್ಟು. ವಿನ್‌ಕ್ರಿಸ್ಟಿನ್‌ನಿಂದ (ಅದೂ ಅವಳ ಕೀಮೋ ಮದ್ದೇ) ಪಾದ ಜೋತು ಚಪ್ಪಲಿ ಜಾರುತ್ತದೆ. ಇಬ್ಬರೂ ಕುಂಟುವವರೇ ಆಗುತ್ತಾರೆ, ಬೇರೆ ಬೇರೆ ಕಾರಣಕ್ಕೆ.

ಅವನಿಗೆ ದ್ವಿತೀಯ ಪಿ.ಯು. ಪರೀಕ್ಷೆ ತಪ್ಪಿತೆಂದು ವರ್ಷ ಹೋಗುವುದಿಲ್ಲ, ಅದೇ ವರ್ಷ ಇನ್ನೊಮ್ಮೆ ಪರೀಕ್ಷೆ ಉಂಟು. ದುಡ್ಡಿಗೆ ಬಿ.ಪಿ.ಎಲ್. ಕಾರ್ಡ್ ಇದ್ದರೆ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ.

ಕಲ್ಸಂಕದ ಓದುಗ
ಮೂರು ಅಧ್ಯಾಯ ಹರಿದೆ. ಒಂದೇ ಪ್ರಶ್ನೆ: ಸಿಸ್‌ಪ್ಲಾಟಿನ್ ಕಿವಿಗೆ ಏಟು ಕೊಡುತ್ತದಂತೆ. ಪೂರ್ತಿ ಕಿವುಡಾ?

ಡೇ ಕೇರ್ ಕುರ್ಚಿ
ಅಲ್ಲ. ಎತ್ತರದ ಶ್ರುತಿ ಮೊದಲು ಹೋಗುತ್ತದೆ, ಹೋದದ್ದು ಬರುವುದಿಲ್ಲ. ಕೆಲವರಿಗೆ ಕಿವಿಯೊಳಗೆ ಗುಂಯ್ ಅನ್ನುತ್ತಿರುತ್ತದೆ. ಮಾತು ಕೇಳುತ್ತದೆ, ಆದರೆ ಹಾನಿ ಮುಂದುವರಿದರೆ ಸ, ಶ ಅಕ್ಷರಗಳು ಮಸುಕು, ಗದ್ದಲದಲ್ಲಿ ಇನ್ನೂ ಕಷ್ಟ. ಹುಡುಗಿಯ ಹೆಸರಿನಲ್ಲಿ ಒಂದು ಶ ಇಡಿ. ಮತ್ತೆ, ಮಳೆಗಾಲದ ರಾತ್ರಿ ಅವನು ಜಗಲಿಯಲ್ಲಿ ಕೂತು ಅಮ್ಮನ ಹತ್ತಿರ ಕೇಳಲಿ, "ಈ ವರ್ಷ ಜೀರುಂಡೆ ಇಲ್ವಾ?"