ಆರ್ಡರ್ ಇತ್ತು ಅಂದರೆ ಮುಗಿಯಿತಾ?

ಚಿಕ್ಕಪ್ಪ: (ಫಾರ್ವರ್ಡ್) ಹಿಟ್ಲರ್ ಕಾಲದಲ್ಲಿ ಯಹೂದಿಗಳನ್ನು ಕೊಲ್ಲಲು ಪೋಲೆಂಡ್‌ನಲ್ಲಿ ಕಟ್ಟಿದ್ದ ಟ್ರೆಬ್ಲಿಂಕಾ ಕ್ಯಾಂಪಿನ ಕಮಾಂಡೆಂಟ್ ಫ್ರಾಂಜ್ ಸ್ಟಾಂಗಲ್ ಒಬ್ಬ ಸಾಮಾನ್ಯ ಪೊಲೀಸ್. ಆರ್ಡರ್ ಮೀರಿದ್ದರೆ ಅವನ ತಲೆಯೇ ಹೋಗುತ್ತಿತ್ತು. ತಪ್ಪೆಲ್ಲ ಹಿಟ್ಲರ್‌ನದು. ಎಲ್ಲರಿಗೂ ಕಳುಹಿಸಿ.

ಅಕ್ಕ: ಚಿಕ್ಕಪ್ಪ, ಇದನ್ನು ಯಾಕೆ ಹಾಕಿದಿರಿ? ತಲೆ ಹೋಗುತ್ತಿತ್ತು ಅನ್ನುವುದು ಸುಳ್ಳು.

ಚಿಕ್ಕಪ್ಪ: ಸುಳ್ಳು ಹೇಗಮ್ಮ? ನಾನೂ ಸರ್ಕಾರಿ ನೌಕರಿ ಮಾಡಿದವನು. ಮೇಲಿನವರು ಹೇಳಿದರೆ ಕೆಳಗಿನವನು ಏನು ಮಾಡುತ್ತಾನೆ?

ಅಕ್ಕ: ಯುದ್ಧ ಮುಗಿದ ಮೇಲೆ ಜರ್ಮನಿಯ ಕೋರ್ಟುಗಳಲ್ಲಿ ಎಷ್ಟೋ ಆರೋಪಿಗಳು ಇದೇ ಮಾತು ಹೇಳಿದರು. ಕೊಲ್ಲುವುದಿಲ್ಲ ಅಂದಿದ್ದಕ್ಕೆ ಪ್ರಾಣ ಕಳೆದುಕೊಂಡ ಒಬ್ಬನೇ ಒಬ್ಬ ಎಸ್‌ಎಸ್‌ನವನನ್ನು (ಎಸ್‌ಎಸ್ ಅಂದರೆ ಈ ಕ್ಯಾಂಪುಗಳನ್ನು ನಡೆಸಿದ ನಾಜಿ ಪಡೆ) ಅವರ ವಕೀಲರಿಗೆ ತೋರಿಸಲು ಆಗಲಿಲ್ಲ. ಬೇರೆ ಕಡೆ ವರ್ಗ ಮಾಡಿಸಿಕೊಂಡು ಹೋದವರೂ ಇದ್ದರು.

ಸ್ಟಾಂಗಲ್ ಆ ಕುರ್ಚಿಗೆ ಬಂದಿದ್ದು ಹೇಗೆ ನೋಡಿ. 1942ರ ಜುಲೈನಲ್ಲಿ ಟ್ರೆಬ್ಲಿಂಕಾ ಶುರುವಾದಾಗ ಕಮಾಂಡೆಂಟ್ ಆಗಿದ್ದವನು ಇರ್ಮ್‌ಫ್ರೀಡ್ ಎಬರ್ಲ್. ಓದಿದ ಡಾಕ್ಟರ್! ಪೋಲೆಂಡ್‌ನ ರಾಜಧಾನಿ ವಾರ್ಸಾದಿಂದ ಯಹೂದಿಗಳನ್ನು ತುಂಬಿಕೊಂಡು ರೈಲಿನ ಹಿಂದೆ ರೈಲು ಬಂತು. ಹೂಳಲು ಆಗದೆ ಹೆಣಗಳು ಬಯಲಲ್ಲೇ ಬಿದ್ದಿದ್ದವು. ಲುಬ್ಲಿನ್‌ನಿಂದ ಮೇಲಧಿಕಾರಿ ಗ್ಲೋಬೋಚ್ನಿಕ್ ಬಂದು ನೋಡಿದ, ಕ್ಯಾಂಪು ಅಚ್ಚುಕಟ್ಟಾಗಿಲ್ಲ ಅಂತ ಎಬರ್ಲ್‌ನನ್ನು ಕಿತ್ತುಹಾಕಿದ. ಆ ಜಾಗಕ್ಕೆ ಸ್ಟಾಂಗಲ್. ಅಷ್ಟರಲ್ಲಿ ಅವನು ಇಂಥದ್ದೇ ಇನ್ನೊಂದು ಕೊಲೆ ಕ್ಯಾಂಪಾದ ಸೊಬಿಬೊರ್ ನಡೆಸಿ ಪಳಗಿದ್ದ.

ತಮ್ಮ: ಸಾಯಿಸಲು ಕರೆದೊಯ್ದ ಆ ಜನರನ್ನು ಸಾಗಿಸಿದ್ದಕ್ಕೂ ರೈಲ್ವೆಯವರು ಟಿಕೆಟ್ ದುಡ್ಡು ತೆಗೆದುಕೊಂಡಿದ್ದರಂತೆ, ಹೌದಾ ಅಕ್ಕ?

ಅಕ್ಕ: ಹೌದು. ತಲೆಗೆ ಇಷ್ಟು ಅಂತ ಥರ್ಡ್ ಕ್ಲಾಸ್ ದರ, ಹೋಗುವುದಕ್ಕೆ ಮಾತ್ರ. 10 ವರ್ಷದೊಳಗಿನ ಮಕ್ಕಳಿಗೆ ಅರ್ಧ. 4 ವರ್ಷದೊಳಗಿನವರಿಗೆ ಫ್ರೀ. ವಾಪಸ್ ಬರುವ ಲೆಕ್ಕ ಕಾವಲಿನವರದು ಮಾತ್ರ.

ದೊಡ್ಡಮ್ಮ: ಅಯ್ಯೋ ದೇವರೇ, ಮಕ್ಕಳಿಗೆ ಅರ್ಧ ಟಿಕೆಟ್ಟಾ...

ಚಿಕ್ಕಪ್ಪ: ನೋಡು, ಡಾಕ್ಟರು, ರೈಲ್ವೆ, ಗುಮಾಸ್ತರು, ಎಲ್ಲರೂ ಸೇರಿದ್ದರು ಅಂತ ನೀನೇ ಹೇಳಿದೆ. ಇವನೊಬ್ಬನನ್ನೇ ಯಾಕೆ ಹಿಡಿಯಬೇಕು?

ಅಕ್ಕ: ಎಲ್ಲರೂ ಸೇರಿದ್ದರೆ ಎಲ್ಲರನ್ನೂ ಹಿಡಿಯಬೇಕು, ಇವನನ್ನು ಬಿಡುವುದಲ್ಲ. ಇವನ ಕಾಲದಲ್ಲಿ ಅಲ್ಲಿ ಒಂದು ಸುಳ್ಳು ರೈಲ್ವೆ ಸ್ಟೇಷನ್ ಎದ್ದಿತು. ಟಿಕೆಟ್ ಕಿಂಡಿ, ವೇಳಾಪಟ್ಟಿ, ಬಣ್ಣದಲ್ಲಿ ಬರೆದ ಗಡಿಯಾರ. ಇಳಿದವರು ಇದು ಮುಂದಿನ ಊರಿಗೆ ರೈಲು ಬದಲಿಸುವ ಜಾಗ ಅಂದುಕೊಂಡು ಸುಮ್ಮನೆ ನಡೆಯಲಿ ಅಂತ. ಗಡಿಯಾರ ಬರೆಸು ಅಂತ ಬರ್ಲಿನ್‌ನಿಂದ ಹಿಟ್ಲರ್ ಹೇಳಿದ್ದನಾ? ಬಿಳಿ ಜಾಕೆಟ್ ಹಾಕಿಕೊಂಡು ಇವನೇ ಅಲ್ಲಿ ಓಡಾಡುತ್ತಿದ್ದ. 1942ರ ಕೊನೆಯವರೆಗೆ ಟ್ರೆಬ್ಲಿಂಕಾಕ್ಕೆ ತಂದ ಯಹೂದಿಗಳ ಸಂಖ್ಯೆ 7,13,555. ಇದು ಎಸ್‌ಎಸ್‌ನವರೇ ತಂತಿಯಲ್ಲಿ ಕಳುಹಿಸಿದ ಲೆಕ್ಕ.

ದೊಡ್ಡಮ್ಮ: ಅವನಿಗೆ ಶಿಕ್ಷೆ ಆಯಿತಾ?

ಅಕ್ಕ: ಬ್ರೆಜಿಲ್‌ಗೆ ಓಡಿಹೋಗಿ ಸ್ವಂತ ಹೆಸರಿನಲ್ಲೇ ಇದ್ದ ದೊಡ್ಡಮ್ಮ. 1967ರಲ್ಲಿ ಸಿಕ್ಕಿಬಿದ್ದ. 1970ರಲ್ಲಿ ಡ್ಯುಸೆಲ್‌ಡಾರ್ಫ್ ಕೋರ್ಟು ಜೀವಾವಧಿ ಕೊಟ್ಟಿತು. ಮರುವರ್ಷ ಜೈಲಿನಲ್ಲೇ ಸತ್ತ.

ಚಿಕ್ಕಪ್ಪ: ಆ ಡಾಕ್ಟರ ವಿಷಯ ನನಗೆ ಗೊತ್ತಿರಲಿಲ್ಲ. ಫಾರ್ವರ್ಡ್ ತೆಗೆಯುತ್ತೇನೆ. ಆದರೂ ಆರ್ಡರ್ ಕೊಟ್ಟವನೂ ಕೇಳಿದವನೂ ಒಂದೇ ಅಂತ ನಾನು ಒಪ್ಪುವುದಿಲ್ಲ.

ಅಕ್ಕ: ಟ್ರೆಬ್ಲಿಂಕಾದೊಳಗೆ ಆರ್ಡರ್ ಕೊಡುತ್ತಿದ್ದವನೇ ಇವನು ಚಿಕ್ಕಪ್ಪ. ಇಲ್ಲಿ ತೆಗೆದರೆ ಸಾಲದು, ಇದು ಬಂದ ಗುಂಪಿನಲ್ಲೂ ಹೇಳಿ. ಅಲ್ಲಿ ಇನ್ನೂ ಜಾಸ್ತಿ ಜನ ಓದಿರುತ್ತಾರೆ.