ಸಹಾಯ ಬೇಕು: ಸಕ್ರೆಬೈಲು, ಕವಲೇದುರ್ಗ ಒಂದೇ ದಿನಕ್ಕೆ ಆಗುತ್ತಾ?

ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮ ಶಾಲೆಯ ಸ್ಕೌಟ್ ದಳ ನೋಡಿಕೊಳ್ಳುತ್ತಿದ್ದೇನೆ. ನವೆಂಬರ್‌ನಲ್ಲಿ ಒಂದು ಭಾನುವಾರ 26 ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬೇಕು. ಬಸ್ಸು ಬೆಳಿಗ್ಗೆ 7ಕ್ಕೆ ಸಿಗುತ್ತದೆ, ಸಂಜೆ 6ಕ್ಕೆ ವಾಪಸ್ ಬಿಡಲೇಬೇಕು.

ಚಿಕ್ಕವರಿಗೆ ಸಕ್ರೆಬೈಲಿನ ಆನೆ ನೋಡಬೇಕು, ದೊಡ್ಡವರಿಗೆ ಕವಲೇದುರ್ಗ ಹತ್ತಬೇಕು. ಎರಡೂ ತೀರ್ಥಹಳ್ಳಿ ಕಡೆಗೇ ಅಲ್ವಾ, ಸುಲಭ ಅಂದುಕೊಂಡಿದ್ದೆ. ಆದರೆ ಆನೆಗಳ ಸ್ನಾನ ಬೆಳಿಗ್ಗೆ ಮಾತ್ರ, ಆಮೇಲೆ ಕಾಡಿಗೆ ಬಿಡುತ್ತಾರೆ. ಸ್ನಾನ ನೋಡಿ ಹೊರಟರೆ ಕೋಟೆ ಹತ್ತುವಾಗ ನೆತ್ತಿ ಮೇಲೆ ಬಿಸಿಲು. ಕೋಟೆ ಮೊದಲು ಅಂದರೆ ಆನೆ ಸಿಗುವುದಿಲ್ಲ. ಮೂರು ಸಲ ಟೈಮ್‌ಟೇಬಲ್ ಬರೆದು ಹರಿದು ಹಾಕಿದೆ. ದಾರಿಯಲ್ಲೇ ಇದೆ, ಮಂಡಗದ್ದೆಯನ್ನೂ ಸೇರಿಸಿ ಅಂದರು ಒಬ್ಬರು. ಅಲ್ಲಿ ಹಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಸುಮ್ನೆ ಖಾಲಿ ಮರ ನೋಡಿ ಬರುವುದಾ?

ಇನ್ನೊಂದು ಭಯ, ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಕಳೆದ ಸಲ ಒಬ್ಬ ಹುಡುಗ ಶೂ ಬಿಚ್ಚಿದರೆ ಬಿಳಿ ಸಾಕ್ಸ್ ಪೂರ್ತಿ ಕೆಂಪು. ಅವನೇನೋ ನಗುತ್ತಿದ್ದ, ಅವರಮ್ಮ ಇನ್ನೂ ನನ್ನನ್ನು ಬಿಟ್ಟಿಲ್ಲ.

ಎರಡೂ ಜಾಗ ಮುಗಿಸಿ ಸಂಜೆ 6ರೊಳಗೆ ಬಂದವರು ಯಾರಾದರೂ ಇದ್ದೀರಾ? ಮಕ್ಕಳ ಜೊತೆ ಕವಲೇದುರ್ಗ ಹತ್ತಿ ಇಳಿಯಲು ನಿಜವಾಗಿ ಎಷ್ಟು ಗಂಟೆ ಬೇಕು? ನವೆಂಬರ್‌ನಲ್ಲೂ ಅಲ್ಲಿ ಉಂಬಳ ಜಾಸ್ತಿನಾ?